ಮಂಗಳೂರು ಕಾರ್ಮೆಲಿನ ಅಡಿಗೆಮನೆಯಿಂದ ಸಂತರ ಸಾಲಿಗೆ

ರಾಯಚೂರಿನಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ನಮ್ಮ ಕಥೋಲಿಕ ಮನೆಗಳ ಮಕ್ಕಳನ್ನು ಕನ್ಯಾಸ್ತ್ರೀಯರೆಂದರೆ ಯಾರು ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವರು, ದವಾಖಾನೆಯಲ್ಲಿ ಔಷಧಿ ಕೊಡುವವರು, ಹಳ್ಳಿಯ ಸ್ವಸಹಾಯ ಸಂಘದ ತಾಯಂದಿರೊಡನೆ ಚಾಪೆಯ ಮೇಲೆ ಕುಳಿತು ಲೆಕ್ಕ ನೋಡುವವರು. ಇದು ಸರಿಯಾದ ಉತ್ತರವೇ. ಆದರೆ ಧರ್ಮಸಭೆಯಲ್ಲಿ ಇನ್ನೊಂದು ಬಗೆಯ ಕನ್ಯಾಸ್ತ್ರೀಯರೂ ಇದ್ದಾರೆ. ಅವರು ಶಾಲೆ ನಡೆಸುವುದಿಲ್ಲ, ರೋಗಿಗಳ ನಾಡಿ ಹಿಡಿಯುವುದಿಲ್ಲ, ಬೀದಿಯಲ್ಲಿ ಕಾಣಸಿಗುವುದೂ ಇಲ್ಲ. ಒಮ್ಮೆ ಮಠದ ಬಾಗಿಲು ದಾಟಿ ಒಳಗೆ ಹೋದವರು ಬಹುಮಟ್ಟಿಗೆ ಅಲ್ಲಿಯೇ ಬಾಳಿ ಅಲ್ಲಿಯೇ ಮಣ್ಣಾಗುತ್ತಾರೆ. ಇಂಥವರಿಂದ ಲೋಕಕ್ಕೆ ಏನು ಪ್ರಯೋಜನವೆಂಬ ಪ್ರಶ್ನೆಯನ್ನು ಒಳ್ಳೆಯ ಭಕ್ತರೂ ಕೇಳುವುದುಂಟು. ಅದನ್ನು ಗದರಿಸಿ ಸುಮ್ಮನಾಗಿಸಬೇಕಾದ ಪ್ರಶ್ನೆ ಎಂದು ನಾನು ತಿಳಿದಿಲ್ಲ.

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಚಿಕಿತ್ಸೆಗೆಂದು ನಮ್ಮ ಕಡೆಯಿಂದ ಹೋದವರು ಅದೇ ಕಂಕನಾಡಿಯಲ್ಲಿರುವ ಕಾರ್ಮೆಲ್ ಮಠವನ್ನೂ ಸಂದರ್ಶಿಸಬಹುದು. ಅಲ್ಲಿನ ಜನ ಅದನ್ನು ಕ್ಲೋಯಿಸ್ಟರ್ ಎಂದು ಕರೆಯುತ್ತಾರೆ. ಇಂಥ ಏಕಾಂತ ಮಠಗಳಲ್ಲಿ ಸಂದರ್ಶಕರಿಗೆ ಕಾಣುವುದು ಸ್ವಲ್ಪವೇ. ದೇವಾಲಯದಲ್ಲಿ ಎಲ್ಲರಿಗೂ ಪ್ರವೇಶವಿದೆ. ಆದರೆ ಮಠವಾಸಿನಿಯರು ಕುಳಿತುಕೊಳ್ಳುವ ಭಾಗ ಕಂಬಿಗಳ ಆಚೆಗಿರುತ್ತದೆ. ಅವರ ಕೀರ್ತನೆ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಮಾತಿನ ಕೋಣೆಯಲ್ಲಿಯೂ ನಡುವೆ ಕಂಬಿಯೇ. ಹಣ್ಣನ್ನೋ ಪ್ರಾರ್ಥನೆಯ ಕೋರಿಕೆ ಬರೆದ ಚೀಟಿಯನ್ನೋ ಒಳಗೆ ಕಳುಹಿಸಬೇಕಾದರೆ ಗೋಡೆಯಲ್ಲಿ ಕೂಡಿಸಿದ ತಿರುಗುವ ಪೆಟ್ಟಿಗೆಯಲ್ಲಿಟ್ಟು ತಿರುಗಿಸುವ ಪದ್ಧತಿ ಇಂಥ ಮಠಗಳಲ್ಲಿ ಬಹುಕಾಲದ್ದು. ಒಳಗಿನ ದಿನಚರಿಯೂ ಹಳೆಯದೇ: ಬಲಿಪೂಜೆ, ಹೊತ್ತು ಹೊತ್ತಿನ ಕೀರ್ತನಪ್ರಾರ್ಥನೆ, ಬೆಳಿಗ್ಗೆ ಒಂದು ತಾಸು ಸಂಜೆ ಒಂದು ತಾಸು ಮೌನಧ್ಯಾನ, ಉಳಿದ ಹೊತ್ತು ಕೈಕೆಲಸ. ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬದಿಂದ ಪಾಸ್ಕದವರೆಗೆ ಉಪವಾಸದ ನಿಯಮ.

ಈ ನಿಯಮ ಹುಟ್ಟಿದ್ದು ಮಧ್ಯಯುಗದಲ್ಲಿ. ಪವಿತ್ರ ನಾಡಿನ ಕಾರ್ಮೆಲ್ ಬೆಟ್ಟದಲ್ಲಿ, ಪ್ರವಾದಿ ಎಲೀಯನ ಹೆಸರಿನ ಚಿಲುಮೆಯ ಬಳಿ ವಾಸವಾಗಿದ್ದ ಕೆಲವು ತಪಸ್ವಿಗಳಿಗೆ ಜೆರುಸಲೇಮಿನ ಪಿತಾಮಹ ಸಂತ ಆಲ್ಬರ್ಟ್‌ರು 13ನೆಯ ಶತಮಾನದ ಆದಿಯಲ್ಲಿ ಒಂದು ಚಿಕ್ಕ ಜೀವನಸೂತ್ರ ಬರೆದುಕೊಟ್ಟರು. 1291ರಲ್ಲಿ ಆ ನಾಡಿನ ಕ್ರೈಸ್ತ ಕೋಟೆಗಳು ಬಿದ್ದಾಗ ತಪಸ್ವಿಗಳು ಬೆಟ್ಟ ಬಿಟ್ಟರು, ಸೂತ್ರವನ್ನು ಬಿಡಲಿಲ್ಲ. ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಭಾರಿ ಚಪ್ಪಡಿಯ ಶಾಸನ 1294ರದು. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಮಾತು. ಕೋಟೆಯಲ್ಲಿ ಕಲ್ಲು ಉಳಿದಿದೆ, ಅದನ್ನು ಕಾಯುತ್ತಿದ್ದವರು ಇಲ್ಲ. ಕಾರ್ಮೆಲಿನ ಕತೆ ಇದಕ್ಕೆ ತಿರುಗುಮುರುಗು. 1452ರಲ್ಲಿ ಸ್ತ್ರೀಯರಿಗೂ ಆ ಸಭೆಯ ಬಾಗಿಲು ತೆರೆಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಆವಿಲಾ ನಗರದಲ್ಲಿ ಮನುಷ್ಯಾವತಾರದ ಹೆಸರಿನ ಕಾರ್ಮೆಲ್ ಮಠ ಆರಂಭವಾಯಿತು. 1535ರಲ್ಲಿ ಸಂತ ತೆರೇಸಮ್ಮನವರು ಪ್ರವೇಶಿಸಿದ್ದು ಆ ಮಠವನ್ನೇ. ಇಂದು ಅದರ ಒಂದು ಭಾಗವನ್ನು ಯಾತ್ರಿಕರು ವಸ್ತುಸಂಗ್ರಹಾಲಯವಾಗಿ ನೋಡುತ್ತಾರೆ. ಉಳಿದ ಭಾಗದಲ್ಲಿ ಕನ್ಯಾಸ್ತ್ರೀಯರು ಇನ್ನೂ ವಾಸವಾಗಿದ್ದಾರೆ. ತೆರೇಸಮ್ಮನವರು 1562ರಲ್ಲಿ ಕೈಗೊಂಡ ಸುಧಾರಣೆಯಿಂದ ಕವಲೊಡೆದ ಮಠಗಳು ಫ್ರಾನ್ಸಿಗೆ ಹಬ್ಬಿದವು. ಫ್ರಾನ್ಸಿನಿಂದ ಒಂದು ಕವಲು 1870ರಲ್ಲಿ ಮಂಗಳೂರಿಗೆ ಬಂತು.

ಹಾಗೆ ಬಂದವರಲ್ಲಿ ಓದುಬರಹ ಸರಿಯಾಗಿ ಬಾರದ ಒಬ್ಬ ಅಡಿಗೆಯ ಸಹೋದರಿ ಇದ್ದರು. ಧರ್ಮಸಭೆ ಇಂದು ಸಂತರೆಂದು ಗೌರವಿಸುವ ಮರಿಯಂ ಬವಾರ್ದಿ ಅವರೇ. ಕರ್ನಾಟಕದ ನೆಲದಲ್ಲಿ ಅಂತಿಮ ವ್ರತ ತೊಟ್ಟ ಈ ಸಂತರ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಈ ವಾರದ ಅಂಕಣ ಅವರಿಗೆ ಮೀಸಲು.

ಗಲಿಲೇಯ ನಾಡಿನಲ್ಲಿ, ನಜರೇತಿಗೂ ಹೈಫಾ ನಗರಕ್ಕೂ ನಡುವೆ, ಇಬಿಲ್ಲಿನ್ ಎಂಬ ಹಳ್ಳಿಯಿದೆ. ಕಾರ್ಮೆಲ್ ಬೆಟ್ಟ ಅಲ್ಲಿಂದ ದೂರವಲ್ಲ. ಆ ಹಳ್ಳಿಯ ಜೀರಿಸ್ ಬವಾರ್ದಿ ಮತ್ತು ಮರಿಯಂ ಶಾಹಿನ್ ದಂಪತಿಗಳು ಗ್ರೀಕ್ ಕಥೋಲಿಕ ಸಂಪ್ರದಾಯದವರು. ಅವರಿಗೆ ಒಂದರ ಹಿಂದೊಂದು ಹನ್ನೆರಡು ಗಂಡುಮಕ್ಕಳು ಹುಟ್ಟಿ, ಹನ್ನೆರಡೂ ಶೈಶವದಲ್ಲಿಯೇ ತೀರಿಹೋದವು. ದುಃಖದಲ್ಲಿ ಮುಳುಗಿದ ಆ ತಾಯಿ ಗಂಡನಿಗೆ ಸೂಚಿಸಿದ ದಾರಿ ಬೆತ್ಲೆಹೇಮಿಗೆ ಕಾಲ್ನಡಿಗೆಯ ಯಾತ್ರೆ. ನಮ್ಮ ಭಾಗದ ಜನ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವುದನ್ನು ಕಂಡವರಿಗೆ ಆ ನಡಿಗೆಯ ಕಷ್ಟವನ್ನು ವಿವರಿಸಬೇಕಿಲ್ಲ. ಯೇಸು ಹುಟ್ಟಿದ ಗವಿಯಲ್ಲಿ ಮೊಣಕಾಲೂರಿ ಅವರು ಬೇಡಿದ್ದು ಏನನ್ನು? ಹೆಣ್ಣುಮಗುವನ್ನು. ಹುಟ್ಟಿದರೆ ಮರಿಯಮ್ಮನವರ ಹೆಸರಿಡುವುದಾಗಿ ಹರಕೆ ಹೊತ್ತರು. ಹೆಣ್ಣು ಹುಟ್ಟಿತೆಂದರೆ ಇಂದಿಗೂ ಮುಖ ಬಾಡಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಹನ್ನೆರಡು ಗಂಡುಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ನೂರಾರು ಕಿಲೋಮೀಟರ್ ಸವೆಸಿ ಹೆಣ್ಣನ್ನು ಬೇಡಿದರೆಂಬುದನ್ನು ಅಂಥ ಮನೆಗಳಲ್ಲಿ ಓದಿ ಹೇಳಬೇಕು. 1846ರ ಜನವರಿ 5ರಂದು ಮರಿಯಂ ಹುಟ್ಟಿದಳು. ಅವಳ ಬೆನ್ನಿಗೆ ಬೌಲೋಸ್ ಎಂಬ ತಮ್ಮ.

ಸುಖ ಬಹುದಿನ ನಿಲ್ಲಲಿಲ್ಲ. ಮರಿಯಂಳಿಗೆ ಮೂರು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡ. ಕೆಲವೇ ದಿನಗಳಲ್ಲಿ ತಾಯಿಯೂ ಹೋದಳು. ತಂದೆ ಸಾಯುವ ಮುನ್ನ ಸಂತ ಜೋಸೆಫರ ಚಿತ್ರದ ಕಡೆ ನೋಡಿ ಮಗಳನ್ನು ಅವರ ವಶಕ್ಕೆ ಒಪ್ಪಿಸಿದನಂತೆ. ತಮ್ಮನನ್ನು ತಾಯಿಯ ಕಡೆಯ ಚಿಕ್ಕಮ್ಮ ಬೇರೆ ಊರಿಗೆ ಕರೆದುಕೊಂಡು ಹೋದಳು. ಮರಿಯಂ ತಂದೆಯ ಅಣ್ಣನ ಮನೆಯ ಪಾಲಾದಳು. ಅಲ್ಲಿ ಊಟಬಟ್ಟೆಗೆ ಕೊರತೆಯಿರಲಿಲ್ಲ, ಅಕ್ಷರ ಕಲಿಸುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಬಾಲ್ಯದ ಒಂದು ಘಟನೆಯನ್ನು ಆಕೆಯ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಪಂಜರದಲ್ಲಿದ್ದ ಪುಟ್ಟ ಹಕ್ಕಿಗಳಿಗೆ ಸ್ನಾನ ಮಾಡಿಸಿದರೆ ಹಿತವಾಗುವುದೆಂದು ಮಗು ತಿಳಿಯಿತು. ನೀರು ತಾಳಲಾರದೆ ಹಕ್ಕಿಗಳು ಸತ್ತವು. ಅಳುತ್ತ ಅವನ್ನು ಹೂಳುತ್ತಿದ್ದಾಗ, ಎಲ್ಲವೂ ಹೀಗೆಯೇ ಕಳೆದುಹೋಗುತ್ತದೆ, ಹೃದಯವನ್ನು ದೇವರಿಗೆ ಕೊಟ್ಟರೆ ಮಾತ್ರ ಉಳಿಯುತ್ತದೆ ಎಂಬ ಭಾವ ಅವಳ ಅಂತರಂಗದಲ್ಲಿ ಮೂಡಿತಂತೆ. ಹಕ್ಕಿ ಸತ್ತದ್ದಕ್ಕೆ ಅತ್ತ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಆ ಅಳುವನ್ನು ಮರೆಯದೆ ಬಾಳಿದವರು ಅಪರೂಪ.

ದೊಡ್ಡಪ್ಪನ ಸಂಸಾರ ಈಜಿಪ್ಟಿನ ಅಲೆಕ್ಸಾಂದ್ರಿಯಕ್ಕೆ ಹೋಗಿ ನೆಲೆಸಿತು. ಆ ಕಾಲದ ವಾಡಿಕೆಯಂತೆ, ಹನ್ನೆರಡರ ಪ್ರಾಯದಲ್ಲಿಯೇ, ಅವಳನ್ನು ಕೇಳದೆ ಮದುವೆ ಗೊತ್ತುಮಾಡಿದರು. ಒಡವೆ ಬಂತು, ಬಟ್ಟೆ ಬಂತು. ಮರಿಯಂ ತನ್ನ ಜಡೆಯನ್ನು ಕತ್ತರಿಸಿಕೊಂಡು ಮದುವೆ ಒಲ್ಲೆನೆಂದಳು. ಕೋಪಗೊಂಡ ದೊಡ್ಡಪ್ಪ ಅವಳನ್ನು ಅಡಿಗೆಮನೆಗೆ ನೂಕಿ, ಆಳುಗಳಿಗಿಂತ ಕೀಳಾಗಿ ಕಂಡ. ಅದನ್ನು ಯಾವುದೋ ದೂರದೇಶದ ಹಳೆಯ ಪದ್ಧತಿಯೆಂದು ನಾವು ಮೂಗುಮುರಿಯುವಂತಿಲ್ಲ. ಬಾಲ್ಯವಿವಾಹ ನಿಷೇಧದ ಕಾಯ್ದೆ 2006ರಲ್ಲಿ ಬಂದು, ಹೆಣ್ಣಿಗೆ 18 ತುಂಬಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿದ್ದರೂ, ಗುಳೆ ಹೋಗುವ ಮುಂಚೆ ಹುಡುಗಿಯ ಜವಾಬ್ದಾರಿ ಮುಗಿಸಿಬಿಡೋಣವೆಂಬ ಮಾತು ದೇವದುರ್ಗದ ತಾಂಡಾಗಳಲ್ಲಿಯೂ ಮಾನ್ವಿಯ ಕ್ಯಾಂಪುಗಳಲ್ಲಿಯೂ ನಿಂತಿಲ್ಲ. ಗುರುಗಳ ಕಿವಿಗೆ ಬೀಳುವುದು ಕೊನೆಗೆ.

ಮುಂದಿನ ಘಟನೆಯನ್ನು ಎಚ್ಚರದಿಂದ ಹೇಳಬೇಕಾಗಿದೆ. ಮರಿಯಂ ಗಲಿಲೇಯದಲ್ಲಿದ್ದ ತಮ್ಮನಿಗೆ ಕಾಗದ ಬರೆಯಿಸಿ, ಆ ಕಡೆ ಹೊರಟಿದ್ದ, ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಪರಿಚಿತನ ಕೈಯಲ್ಲಿ ಕೊಡಲು ಹೋದಳು. ಅವನು ಅವಳ ಕಷ್ಟಕ್ಕೆ ಮರುಗಿ, ಹೀಗೆ ನೋಯಿಸುವ ಜನರ ಧರ್ಮ ಏಕೆ ಬೇಕು, ತನ್ನ ಧರ್ಮಕ್ಕೆ ಸೇರು ಎಂದು ಒತ್ತಾಯಿಸಿದ. ಅವಳು ದಿಟ್ಟವಾಗಿ ನಿರಾಕರಿಸಿದಾಗ ಸಿಟ್ಟಿನಲ್ಲಿ ಅವಳ ಕೊರಳನ್ನು ಕತ್ತಿಯಿಂದ ಸೀಳಿ, ಸತ್ತಳೆಂದು ತಿಳಿದು ಒಂದು ಓಣಿಯಲ್ಲಿ ಎಸೆದುಹೋದ. ಅದು 1858ರ ಸೆಪ್ಟೆಂಬರ್ 7, ಮರಿಯಮ್ಮನವರ ಜನನೋತ್ಸವದ ಹಿಂದಿನ ರಾತ್ರಿ. ನೀಲಿ ಉಡುಪಿನ ಒಬ್ಬ ಸ್ತ್ರೀ ತನ್ನನ್ನು ಗವಿಯೊಂದಕ್ಕೆ ಕೊಂಡೊಯ್ದು, ಕೊರಳನ್ನು ಹೊಲಿದು, ಹಲವು ದಿನ ಉಪಚರಿಸಿದಳೆಂದು ಮರಿಯಂ ಮುಂದೆ ತಿಳಿಸಿದಳು. ಆ ಸ್ತ್ರೀ ದೇವಮಾತೆಯೇ ಎಂಬುದು ಅವಳ ದೃಢ ನಂಬಿಕೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಇಂಥ ಖಾಸಗಿ ಅನುಭವಗಳನ್ನು ವಿಶ್ವಾಸದ ವಿಷಯವಾಗಿ ಒಪ್ಪಿಕೊಳ್ಳಬೇಕೆಂದು ಧರ್ಮಸಭೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಕೊರಳ ಕಲೆಯಂತೂ ಕಟ್ಟುಕತೆಯಾಗಿರಲಿಲ್ಲ. ಮುಂದೆ ಮಾರ್ಸೇ ನಗರದ ವೈದ್ಯರು ಪರೀಕ್ಷಿಸಿದಾಗ ಸುಮಾರು 10 ಸೆಂಟಿಮೀಟರ್ ಉದ್ದದ ಗುರುತು ಕಂಡಿತು. ಶ್ವಾಸನಾಳದ ಕೆಲವು ಉಂಗುರಗಳೇ ಇರಲಿಲ್ಲ. ಆಕೆಯ ಧ್ವನಿ ಕಡೆಯತನಕ ಒಡಕಲಾಗಿತ್ತು.

ಅವನೊಬ್ಬನ ಕೃತ್ಯವನ್ನು ಅವನ ಇಡೀ ಸಮುದಾಯದ ತಲೆಗೆ ಕಟ್ಟಿ ಈ ಕತೆಯನ್ನು ಹೇಳಿಕೊಂಡು ತಿರುಗುವವರಿದ್ದಾರೆ. ದರ್ಗಾದ ಉರುಸಿಗೂ ಇಗರ್ಜಿಯ ಹಬ್ಬಕ್ಕೂ ಒಂದೇ ಓಣಿಯ ಜನ ನೆರೆಯುವ ನಮ್ಮ ನಾಡಿನಲ್ಲಿ ಅದು ಶೋಭೆಯಲ್ಲ. ಜಡೆ ಕತ್ತರಿಸಿಕೊಂಡ ಮಗುವಿಗೆ ಮೊದಲು ಹೊಡೆದದ್ದು ಸ್ವಂತ ಮನೆಯ ಕ್ರೈಸ್ತ ಕೈ ಎಂಬುದನ್ನೂ ಅವರು ಮರೆಯುತ್ತಾರೆ.

ದೊಡ್ಡಪ್ಪನ ಮನೆಗೆ ಮರಿಯಂ ಮರಳಲಿಲ್ಲ. ಹದಿಮೂರು ವರ್ಷವೂ ತುಂಬದ ಅನಾಥೆ ಮನೆಗೆಲಸದವಳಾದಳು. ಅಲೆಕ್ಸಾಂದ್ರಿಯ, ಜೆರುಸಲೇಮ್, ಬೈರೂತ್ ಎಂದು ಕೆಲಸ ಸಿಕ್ಕ ಕಡೆಗೆ ಹೋದಳು. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಬಳಿ ಕನ್ಯಾವ್ರತ ಕೈಗೊಂಡಳು. 1863ರಲ್ಲಿ ಒಂದು ಅರಬ್ ಕ್ರೈಸ್ತ ಕುಟುಂಬದ ಅಡಿಗೆಯವಳಾಗಿ ಹಡಗು ಹತ್ತಿ ಫ್ರಾನ್ಸಿನ ಮಾರ್ಸೇಗೆ ಬಂದಳು. ಬೆಂಗಳೂರಿನ ಮನೆಗಳಲ್ಲಿ ಪಾತ್ರೆ ತೊಳೆಯುವ, ಪುಣೆಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ನಮ್ಮ ಹೆಣ್ಣುಮಕ್ಕಳಿಗೆ ಪಾಲಕ ಸಂತರೊಬ್ಬರನ್ನು ನಾನೇ ಆರಿಸಬೇಕಾಗಿ ಬಂದರೆ ದೂರ ಹುಡುಕುವುದಿಲ್ಲ.

ಮಾರ್ಸೇಯಲ್ಲಿ ಆಕೆ 1865ರಲ್ಲಿ ಸಂತ ಜೋಸೆಫರ ದರ್ಶನದ ಸಹೋದರಿಯರ ಸಭೆಗೆ ಸೇರಿದಳು. ಅಡಿಗೆ, ಬಟ್ಟೆ ಒಗೆತ ಅವಳ ಪಾಲಿನ ಕೆಲಸ. ಅಲ್ಲಿಯೇ ಪರವಶತೆಗಳು ಆರಂಭವಾದವು. ಯೇಸುವಿನ ಪಂಚಗಾಯಗಳ ಗುರುತು ಆಕೆಯ ಕೈಕಾಲುಗಳಲ್ಲಿ ಕಾಣಿಸಿಕೊಂಡಿತೆಂದು ಸಹೋದರಿಯರು ಕಂಡು ಗಾಬರಿಯಾದರು. ಆಕೆಗೆ ಅದೊಂದು ಹೆಮ್ಮೆಯಾಗಿ ತೋರಲಿಲ್ಲ, ಯಾವುದೋ ಕಾಯಿಲೆಯೆಂದೇ ಬಗೆದಳು. ಮಿಷನ್ ಕೆಲಸದ ಸಭೆಗೆ ಇಂಥವಳು ಹೊಂದುವುದಿಲ್ಲವೆಂದು ತೀರ್ಮಾನವಾಗಿ ಬಾಗಿಲು ಮುಚ್ಚಿತು. ಆಗ ಕೈಹಿಡಿದವರು ಅದೇ ಸಭೆಯಲ್ಲಿದ್ದ ಮದರ್ ವೆರೋನಿಕಾ. ಇವರು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಮಹಿಳೆ, ಆಂಗ್ಲಿಕನ್ ಕುಟುಂಬದಿಂದ ಕಥೋಲಿಕ ಸಭೆಗೆ ಬಂದವರು. ಮಂಗಳೂರಿನ ಸಂತ ಆಗ್ನೆಸ್ ಕಾಲೇಜು, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜುಗಳನ್ನು ಕಟ್ಟಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು 1868ರಲ್ಲಿ ಸ್ಥಾಪಿಸಿದವರು ಇವರೇ. ಅದಕ್ಕೆ ಒಂದು ವರ್ಷ ಮೊದಲು, 1867ರ ಜೂನ್‌ನಲ್ಲಿ, ಅವರು ಪಿರೆನೀಸ್ ಪರ್ವತದ ಸಮೀಪದ ಪೋ ನಗರದ ಕಾರ್ಮೆಲ್ ಮಠಕ್ಕೆ ಹೊರಟಾಗ ಮರಿಯಂಳನ್ನೂ ಜೊತೆಯಲ್ಲಿ ಕರೆದೊಯ್ದರು.

ಅದೇ ಜುಲೈನಲ್ಲಿ ಮಠದ ಉಡುಪು ದೊರೆತು, ಶಿಲುಬೆಗೇರಿದ ಯೇಸುವಿನ ಮರಿಯ ಎಂಬ ಹೆಸರಾಯಿತು. ಇನ್ನು ಮುಂದೆ ಬಹುವಚನದಲ್ಲಿ ಕರೆಯುವುದು ನಮಗೂ ಉಚಿತ. ಗಾಯನವೃಂದದ ಸಹೋದರಿಯಾಗಲು ಲತೀನ್ ಓದಬೇಕಾಗಿತ್ತು. ಅದು ಅವರಿಗೆ ಒಗ್ಗಲಿಲ್ಲ. ತಾವೇ ಕೇಳಿಕೊಂಡು ಮನೆಗೆಲಸದ ಸಹೋದರಿಯಾಗಿ ಬಿಳಿಯ ಮುಸುಕು ಧರಿಸಿದರು. ತಮ್ಮನ್ನು ತಾವು ಏನೂ ಅಲ್ಲದ ಪುಟ್ಟದೆಂದು ಕರೆದುಕೊಳ್ಳುತ್ತಿದ್ದರು. ಹರಕು ಫ್ರೆಂಚಿನಲ್ಲಿ ಅವರಾಡಿದ ಸ್ತುತಿವಚನಗಳನ್ನು ಓದಿದ ಸಹೋದರಿಯರು ಬರೆದಿಟ್ಟುಕೊಂಡರು. ಸ್ವತಃ ಅವರಿಗೆ ಬರೆಯಲು ಬರುತ್ತಿರಲಿಲ್ಲವೆಂದೇ ಹೇಳಬೇಕು.

ಮಂಗಳೂರಿನ ಅಂದಿನ ಧರ್ಮಾಧ್ಯಕ್ಷ ಮರಿ ಎಫ್ರೇಮ್ ಅವರು ಫ್ರೆಂಚ್ ಕಾರ್ಮೆಲಿತರು. ತಮ್ಮ ಪ್ರಾಂತದಲ್ಲಿ ಶಾಲೆಗೆ ಅಪೊಸ್ತಲಿಕ್ ಕಾರ್ಮೆಲಿನ ಸಹೋದರಿಯರೂ ಪ್ರಾರ್ಥನೆಗೆ ಏಕಾಂತ ಮಠವೂ ಬೇಕೆಂದು ಅವರು ಬಯಸಿದರು. ಶಾಲೆಯ ಬೇರಿಗೆ ಮಠದ ನೀರು ಬೇಕೆಂಬುದು ಅವರ ಎಣಿಕೆ. 1870ರ ಆಗಸ್ಟ್‌ನಲ್ಲಿ ತಂಡ ಪೋ ಬಿಟ್ಟಿತು. ಕೆಂಪು ಸಮುದ್ರದ ಬೇಸಿಗೆಯಲ್ಲಿ ಹಡಗಿನ ಕೆಳಗಿನ ಕೋಣೆಗಳು ಹೇಗಿರುತ್ತಿದ್ದವೆಂಬುದನ್ನು, ಮೇ ತಿಂಗಳ ನಡುಹಗಲು ರಾಯಚೂರಿನ ನಿಲ್ದಾಣದಲ್ಲಿ ನಿಂತ ರೈಲುಡಬ್ಬಿಯಲ್ಲಿ ಕುಳಿತವರು ಊಹಿಸಿಕೊಳ್ಳಬಲ್ಲರು. ಮಂಗಳೂರು ತಲುಪುವ ಮೊದಲೇ ಮೂವರು ಸಹೋದರಿಯರು ತೀರಿಕೊಂಡರು. ಉಳಿದವರು ನವೆಂಬರ್‌ನಲ್ಲಿ ಬಂದಿಳಿದರು. ಮರಿಯಂ ಅವರ ಭಾಗಕ್ಕೆ ಇಲ್ಲಿಯೂ ಒಲೆ, ಪಾತ್ರೆ, ನೀರು. ಯುರೋಪಿನ ಸಹೋದರಿಯರಿಗೆ ಕುಚ್ಚಲಕ್ಕಿಯ ಕರಾವಳಿಯಲ್ಲಿ ಮೂರು ಹೊತ್ತು ಬೇಯಿಸಿ ಹಾಕುವುದು ಸಣ್ಣ ತಪಸ್ಸಾಗಿರಲಾರದು.

1871ರ ನವೆಂಬರ್ 21ರಂದು, ಮರಿಯಮ್ಮನವರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಅವರು ಮಂಗಳೂರಿನಲ್ಲಿ ವ್ರತ ತೊಟ್ಟರು. ಮುಂಬೈ ಕಡೆಯ ರೈಲುಹಳಿಯೂ ಮದ್ರಾಸ್ ಕಡೆಯ ಹಳಿಯೂ ನಮ್ಮ ರಾಯಚೂರಿನಲ್ಲಿ ಬಂದು ಕೂಡಿದ್ದು ಅದೇ 1871ರಲ್ಲಿ. ಕಾಲವನ್ನು ಮನಸ್ಸಿನಲ್ಲಿ ನೆಡಲು ಇಷ್ಟು ಹೇಳಿದೆ.

ವ್ರತದ ನಂತರ ಸಂಕಟ ಶುರುವಾಯಿತು. ಪರವಶತೆಗಳೂ ಗಾಯದ ಗುರುತುಗಳೂ ಮತ್ತೆ ಕಾಣಿಸಿಕೊಂಡವು. ಮೊದಲು ಆದರದಿಂದ ಕಂಡ ಹಿರಿಯರಿಗೆ ಕ್ರಮೇಣ ಸಂದೇಹ ಹುಟ್ಟಿತು. ಇದು ಭ್ರಮೆಯೋ, ನಟನೆಯೋ, ದುಷ್ಟಶಕ್ತಿಯ ಆಟವೋ? ಧರ್ಮಾಧ್ಯಕ್ಷರ ಮನಸ್ಸೂ ತಿರುಗಿತು. 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದೆ ಕಳುಹಿಸಿದರು. ಯಾವ ಮಂಗಳೂರಿಗಾಗಿ ಮೂವರು ಸಹೋದರಿಯರ ಸಾವನ್ನು ಕಣ್ಣಾರೆ ಕಂಡಿದ್ದರೋ, ಆ ಮಂಗಳೂರಿನಿಂದ ವಂಚಕಿಯೆಂಬ ಶಂಕೆ ಹೊತ್ತು, ಬಂದ ಕಡಲಲ್ಲೇ ತಿರುಗಿ ಹೋದರು. ಆಗ ಅವರಿಗೆ 26 ವರ್ಷ.

ಇಲ್ಲಿ ನಿಂತು ಯೋಚಿಸಬೇಕು. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಪ್ರಮಾಣವಿಚಾರ ಹೊಸದಲ್ಲ. ಒಬ್ಬರ ಒಳಗಿನ ಅನುಭವ ಅವರಿಗೆ ಪ್ರತ್ಯಕ್ಷ. ಎದುರಿನವರಿಗೆ ಅದು ಬರೀ ಕೇಳಿದ ಮಾತು. ಕೇಳಿದ ಮಾತನ್ನು ಪ್ರತ್ಯಕ್ಷದಷ್ಟೇ ಸಲೀಸಾಗಿ ಒಪ್ಪಿಕೊಳ್ಳುವ ಮಠಾಧಿಕಾರಿ ತನ್ನ ಹೊಣೆ ಮರೆತಂತೆ. ಆದ್ದರಿಂದ ಧರ್ಮಾಧ್ಯಕ್ಷರ ಸಂದೇಹ ಪಾಪವಾಗಿರಲಿಲ್ಲ. ಗಾಯ, ರಕ್ತ, ದರ್ಶನವೆಂದರೆ ಸಾಕು, ಬಸ್ಸು ಮಾಡಿಕೊಂಡು ಓಡುವ ಇಂದಿನ ನಮ್ಮ ಭಕ್ತರಿಗೆ ಅಷ್ಟು ಸಂದೇಹ ಇದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ಅನುಭವವನ್ನು ಸಂದೇಹಿಸುವುದು ಬೇರೆ, ಅನುಭವಿಸಿದ ವ್ಯಕ್ತಿಯನ್ನು ಸುಳ್ಳುಗಾರಳೆಂದು ನಿರ್ಣಯಿಸುವುದು ಬೇರೆ. ಮೊದಲನೆಯದು ವಿವೇಕ. ಎರಡನೆಯದಕ್ಕೆ ಬೇರೆಯೇ ಸಾಕ್ಷ್ಯ ಬೇಕು, ಅದು ಸಿಗುವುದು ದಿನನಿತ್ಯದ ನಡತೆಯಲ್ಲಿ. ಒಲೆಯ ಮುಂದೆ ಎರಡು ವರ್ಷ ದುಡಿದವರ ವಿನಯವನ್ನೂ ವಿಧೇಯತೆಯನ್ನೂ ತೂಕಕ್ಕೆ ಹಾಕಿದ್ದರೆ ತಕ್ಕಡಿ ಬೇರೆ ಕಡೆ ವಾಲುತ್ತಿತ್ತೆಂದು ನನ್ನ ಅಭಿಪ್ರಾಯ. ಮರಿ ಎಫ್ರೇಮ್ ಅವರು 1873ರಲ್ಲಿ ತೀರಿಕೊಂಡರು. ಮಂಗಳೂರಿನ ಹೆಣ್ಣುಮಕ್ಕಳ ವಿದ್ಯೆಗೆ ದಾರಿ ತೆರೆದ ಆ ಹಿರಿಯರ ಹೆಸರಿಗೆ ಈ ಒಂದು ನಿರ್ಣಯದಿಂದ ಮಸಿ ಬಳಿಯಬೇಕಾಗಿಲ್ಲ.

ಪೋ ಮಠದ ಸಹೋದರಿಯರು ಆಕೆಯನ್ನು ಮನೆಯ ಮಗಳಂತೆ ಬರಮಾಡಿಕೊಂಡರು. ಮತ್ತೆ ಅಡಿಗೆಮನೆ. ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠವಾಗಬೇಕೆಂಬ ಹಂಬಲ ಅವರಲ್ಲಿ ಬೆಳೆದದ್ದು ಆ ದಿನಗಳಲ್ಲಿ. ತಂದೆತಾಯಿಗಳು ನಡೆದುಹೋಗಿ ತಮ್ಮನ್ನು ಬೇಡಿಕೊಂಡ ಊರು ಅದು. ಪೋ ನಗರದ ಒಬ್ಬ ಶ್ರೀಮಂತ ಭಕ್ತೆ ಹಣ ಒದಗಿಸಿದರು, ರೋಮಿನ ಅಪ್ಪಣೆಯೂ ದೊರೆಯಿತು. 1875ರ ಸೆಪ್ಟೆಂಬರ್‌ನಲ್ಲಿ ಸಣ್ಣ ತಂಡವೊಂದು ಬೆತ್ಲೆಹೇಮಿಗೆ ಬಂತು. ಊರ ಎದುರಿನ ದಿಬ್ಬದ ಮೇಲೆ ಗೋಪುರದಾಕಾರದ ಮಠ ಏಳತೊಡಗಿತು. ಕಟ್ಟಡದ ರೂಪ ಹೇಗಿರಬೇಕೆಂದು ಹೇಳಿದವರು ಅಕ್ಷರ ಬಾರದ ಈ ಸಹೋದರಿ. ತಂಡದಲ್ಲಿ ಅರಬ್ಬಿ ಮಾತನಾಡಬಲ್ಲವರೂ ಇವರೇ ಆದುದರಿಂದ ಗಾರೆಯವರೊಡನೆ, ಕಲ್ಲುಕುಟಿಗರೊಡನೆ, ಕೂಲಿಯವರೊಡನೆ ವ್ಯವಹಾರವೆಲ್ಲ ಇವರ ಪಾಲಿಗೆ. 1876ರ ನವೆಂಬರ್ 21ರಂದು, ಮಂಗಳೂರಿನ ವ್ರತದ ದಿನಕ್ಕೆ ಸರಿಯಾಗಿ ಐದು ವರ್ಷಕ್ಕೆ, ಸಹೋದರಿಯರು ಹೊಸ ಮಠದಲ್ಲಿ ವಾಸ ಹೂಡಿದರು. ಪವಿತ್ರಾತ್ಮರ ಮೇಲಿನ ಭಕ್ತಿ ಧರ್ಮಸಭೆಯಲ್ಲಿ ಮತ್ತೆ ಚಿಗುರಬೇಕೆಂದು ಅವರು ಜಗದ್ಗುರುಗಳಿಗೆ ವಿಜ್ಞಾಪನೆ ಮಾಡಿಸಿದ್ದು ಇದೇ ಅವಧಿಯಲ್ಲಿ. ನಜರೇತಿನಲ್ಲಿಯೂ ಒಂದು ಮಠಕ್ಕೆ ಸ್ಥಳ ನೋಡಲು 1878ರಲ್ಲಿ ಹೋಗಿಬಂದರು.

ಬೆತ್ಲೆಹೇಮಿನ ಕಟ್ಟಡದಲ್ಲಿ ಆ ಬೇಸಿಗೆಯಲ್ಲಿಯೂ ಕೆಲಸ ನಡೆದಿತ್ತು. ಆಗಸ್ಟ್ ತಿಂಗಳು. ಬಿಸಿಲಿನಲ್ಲಿ ಕಲ್ಲು ಹೊರುತ್ತಿದ್ದವರಿಗೆ ಕುಡಿಯುವ ನೀರು ಬೇಕು. ಯಾರ ಕೈಯಲ್ಲಾದರೂ ಕಳುಹಿಸಬಹುದಾಗಿತ್ತು, ತಾವೇ ಹೊತ್ತು ಹೊರಟರು. ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದರು, ತೋಳು ಮುರಿಯಿತು. ಗಾಯ ಕೊಳೆತು ವಿಷವೇರಿತು. ಬಿದ್ದ ಕೆಲವೇ ದಿನಗಳಲ್ಲಿ, 1878ರ ಆಗಸ್ಟ್ 26ರ ಮುಂಜಾನೆ, 32ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಬೇಸಿಗೆಯಲ್ಲಿ ಒಂದು ಕೊಡ ನೀರಿಗಾಗಿ ಹೆಂಗಸರು ಎಷ್ಟು ದೂರ ನಡೆಯುತ್ತಾರೆಂಬುದನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಈ ಸಾವಿನ ಬೆಲೆಯನ್ನು ಬೇರೆಯವರು ತಿಳಿಸಿಕೊಡಬೇಕಿಲ್ಲ. ಗಾಯಗಳ ಗುರುತು, ಪರವಶತೆ, ದರ್ಶನಗಳಿಗಿಂತ ಆ ನೀರು ನನಗೆ ಹೆಚ್ಚಿನ ಸಾಕ್ಷಿಯಾಗಿ ಕಾಣುತ್ತದೆ.

ಧರ್ಮಸಭೆಯ ವಿಚಾರಣೆ ನಿಧಾನ. 1983ರ ನವೆಂಬರ್ 13ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದು ಸಾರಿದರು. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸ್‌ರು ಸಂತ ಪದವಿಗೇರಿಸಿದರು. ಜೆರುಸಲೇಮಿನಲ್ಲಿ ಹುಟ್ಟಿದ ಮರಿ ಅಲ್ಫೋನ್ಸಿನ್ ಅವರಿಗೂ ಅದೇ ದಿನ ಸಂತ ಪದವಿ ದೊರೆಯಿತು. ಇಂಥ ವಿಚಾರಣೆಗಳಲ್ಲಿ ಮೊದಲು ಪರಿಶೀಲಿಸುವುದು ವಿಶ್ವಾಸ, ನಿರೀಕ್ಷೆ, ಪ್ರೀತಿ, ವಿವೇಕ, ತಾಳ್ಮೆಗಳನ್ನು. ವ್ಯಕ್ತಿ ಕಂಡ ದರ್ಶನಗಳು ನಿಜವೆಂಬ ಮುದ್ರೆಯನ್ನು ಸಂತ ಪದವಿ ಒತ್ತುವುದಿಲ್ಲ. ಮಂಗಳೂರಿನಲ್ಲಿ 1872ರಲ್ಲಿ ಎದ್ದ ಪ್ರಶ್ನೆ ಹೀಗೆ ಒಂದು ಅರ್ಥದಲ್ಲಿ ಇನ್ನೂ ತೆರೆದೇ ಇದೆ, ಆಕೆ ಎಂಥವರೆಂಬ ಪ್ರಶ್ನೆ ಮಾತ್ರ ಮುಗಿದಿದೆ.

ಕಂಬಿಯಾಚೆ ಇರುವವರಿಂದ ಏನು ಪ್ರಯೋಜನವೆಂದು ಕೇಳಿದವರಿಗೆ ನಾನು ಈ ಚರಿತ್ರೆಯನ್ನು ಹೇಳುತ್ತೇನೆ, ಉತ್ತರವೆಂದಲ್ಲ. ಪ್ರಯೋಜನದ ಲೆಕ್ಕ ಹಾಕಿದರೆ ಮರಿಯಂ ಮಂಗಳೂರಿನಲ್ಲಿ ಬಿಟ್ಟುಹೋದದ್ದು ಬಹಳ ಕಡಿಮೆ. ಶಾಲೆಯಿಲ್ಲ, ಪುಸ್ತಕವಿಲ್ಲ, ಬೇಯಿಸಿದ ಅನ್ನ ಅಂದಂದೇ ಮುಗಿಯಿತು. ಮಠ ಉಳಿಯಿತು. ಒಂದೂವರೆ ಶತಮಾನ ಕಳೆದರೂ ಅಲ್ಲಿ ಸಹೋದರಿಯರು ಆಲ್ಬರ್ಟರ ಆ ಸೂತ್ರದಂತೆಯೇ ಮುಂಜಾನೆ ಎದ್ದು ಕೀರ್ತನೆ ಹಾಡುತ್ತಾರೆ, ಚೀಟಿಯಲ್ಲಿ ಬಂದ ಅಪರಿಚಿತರ ಸಂಕಟಗಳನ್ನು ದೇವರ ಮುಂದಿಡುತ್ತಾರೆ. ತಮ್ಮ ಮನೆಯ ಮಗಳೊಬ್ಬಳು ಶಾಲೆಯ ಸಹೋದರಿಯಾಗದೆ ಅಂಥ ಮಠದ ಕಡೆ ಮುಖ ಮಾಡಿದರೆ, ತಂದೆತಾಯಿಗಳು ಹೆದರುವುದು ಸಹಜ. ಹೆದರಿಕೆಯ ಜೊತೆಗೆ ಒಮ್ಮೆ ಅಲ್ಲಿಗೆ ಹೋಗಿ ಮಾತಿನ ಕೋಣೆಯಲ್ಲಿ ಕುಳಿತು ಬರಲಿ.

ಮರಿಯಂ ಅವರ ಸಮಾಧಿ ಬೆತ್ಲೆಹೇಮಿನ ಅದೇ ಗೋಪುರದಾಕಾರದ ಮಠದಲ್ಲಿದೆ, ಕಾರ್ಮೆಲ್ ಸಹೋದರಿಯರು ಈಗಲೂ ಅಲ್ಲಿದ್ದಾರೆ. ಅವರು ಸ್ಥಳ ನೋಡಿ ಬಂದಿದ್ದ ನಜರೇತಿನ ಮಠ ಪೂರ್ಣಗೊಂಡದ್ದು 1910ರಲ್ಲಿ, ಅವರು ತೀರಿಕೊಂಡ 32 ವರ್ಷಗಳ ಮೇಲೆ. ಅಲ್ಲಿಂದ ಇಬಿಲ್ಲಿನ್ ಹಳ್ಳಿ ಬಹಳ ದೂರವಲ್ಲ.